ಹಾಸಿಗೆ ಹಿಡಿದವರ ನೋವನ್ನು ಅರಿಯುವ ಬಗೆ



ಮನೆಯ ಹಿರಿಯರೊಬ್ಬರಿಗೆ ಬಾಯಿಯ ಕ್ಯಾನ್ಸರ್ ಬಲಿತಿದೆ, ಇನ್ನು ಗುಣವಾಗದು ಎಂದು ವೈದ್ಯರು ತಿಳಿಸಿದರೆನ್ನಿ. ಆಗ ಕೈಚೆಲ್ಲಿ ಕುಳಿತುಕೊಳ್ಳಬೇಡಿರಿ. ರೋಗ ಹೋಗದಿದ್ದರೂ ನೋವನ್ನು ತಗ್ಗಿಸಬಹುದು. ಇದಕ್ಕೆ ಉಪಶಮನ ಚಿಕಿತ್ಸೆ ಎಂದು ಹೆಸರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು, ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಸಂಸಾರದ ಚಿಂತೆಯದೂ ಹೌದೆಂದು ತಿಳಿಸಿಕೊಟ್ಟರು. ರೋಗಿಗಳ ಮಾತನ್ನು ಸಾವಧಾನವಾಗಿ ಆಲಿಸಿದ್ದರಿಂದಲೇ ಅವರಿಗೆ ಇದು ಗೋಚರವಾಯಿತು.

ನೀವೂ ಆಲಿಸಿರಿ. ನೋಡಲು ಬಂದವರು ‘ಅಯ್ಯೋ ಪಾಪ’ ಎನ್ನುವುದು ಬರಿಯ ಮರುಕ. ಆ ಹಾಸಿಗೆಯಲ್ಲಿ ನಾನೇ ಇದ್ದಿದ್ದರೆ ಏನು ಬೇಕೆನಿಸುತ್ತಿತ್ತು ಎಂದು ಯೋಚಿಸುವುದು ಸಹಾನುಭೂತಿ. ‘ನಾಳೆಯೇ ಎದ್ದು ಓಡಾಡುವಿರಿ’ ಎಂಬ ಸುಳ್ಳು ಧೈರ್ಯ ಹೇಳಿದಲ್ಲಿ ಅವರು ಮೌನವಾಗಿಬಿಡುವರು. ‘ನಿಮಗೇನು ಚಿಂತೆ?’ ಎಂದು ಕೇಳಿ ಬಳಿಯಲ್ಲಿ ಸುಮ್ಮನೆ ಕುಳಿತರೆ, ತೀರದ ಸಾಲವನ್ನೋ ಕಿರಿಮಗಳ ಮದುವೆಯನ್ನೋ ಕುರಿತು ತಾವಾಗಿಯೇ ಹೇಳಿಯಾರು.

ಕ್ಯಾನ್ಸರ್ ಅಂಟುರೋಗವಲ್ಲ, ತಟ್ಟೆ ಲೋಟಗಳನ್ನು ಬೇರೆಯಿಟ್ಟು ಅವರನ್ನು ವೃಥಾ ನೋಯಿಸಬೇಡಿರಿ. ಏಳಲಾರದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದನ್ನು ತಡೆಯಬಹುದು. ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಲ್ಲಿ, ಚಟವಾದೀತೆಂದು ಅಂಜಿ ತಡೆಹಿಡಿಯಬೇಡಿರಿ; ಹೇಳಿದ ವೇಳೆಗೆ ಹೇಳಿದ ಪ್ರಮಾಣದಲ್ಲಿಯೇ ಕೊಡಿರಿ. ಅದರಿಂದ ಮಲಬದ್ಧತೆಯುಂಟಾಗುವುದು ಸಾಮಾನ್ಯ. ಅದಕ್ಕೂ ಔಷಧವನ್ನು ಕೇಳಿ ಪಡೆಯಿರಿ.

ಈ ಶುಶ್ರೂಷೆಯೆಲ್ಲ ಸೊಸೆಯೊಬ್ಬಳ ಪಾಲಿಗೇ ಬೀಳುವುದು ನಮ್ಮ ಮನೆಗಳ ರೂಢಿ. ಹಗಲೆಲ್ಲ ದುಡಿದು ಇರುಳೆಲ್ಲ ಎಚ್ಚರವಿದ್ದವಳಿಂದ ಮೃದುವಾದ ಮಾತನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಗಂಡಂದಿರೇ, ರಾತ್ರಿಯ ಸರದಿಯನ್ನಾದರೂ ನೀವು ವಹಿಸಿಕೊಳ್ಳಿರಿ.