ಎರಡನೆಯ ದನಿ

ಕಿಟ್ಟೆಲರ ಹೆಸರನ್ನು ಕೇಳದ ಸಾಹಿತ್ಯಾಸಕ್ತರು ನಮ್ಮಲ್ಲಿ ವಿರಳ. ಅವರು ಸಂಪಾದಿಸಿದ ನಾಗವರ್ಮನ ಛಂದೋಂಬುಧಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಿಘಂಟು 1894ರಲ್ಲಿ ಹೊರಬಂದಿತು. ಈ ಎರಡು ಗ್ರಂಥಗಳನ್ನು ಮೇಜಿನ ಮೇಲಿರಿಸಿಕೊಂಡೇ ಮೂವತ್ತು ವರ್ಷ ನಾನು ಎಂ.ಎ. ತರಗತಿಗಳಿಗೆ ಪಾಠ ಹೇಳಿದವನು. ಆದರೆ ಆ ಮಹನೀಯರು ಯಾವ ಸಭೆಯ ಸೇವೆಗೆಂದು ಬಂದರೋ ಆ ಸಭೆಯವರು ಕನ್ನಡದಲ್ಲಿ ಹೇಗೆ ಹಾಡುತ್ತಾರೆಂಬುದನ್ನು ನಿವೃತ್ತನಾಗುವವರೆಗೂ ಕೇಳಿರಲಿಲ್ಲ.

ಕೆಲಕಾಲದ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಬಂಧುಗಳ ಮದುವೆಗೆಂದು ನಾವಿಬ್ಬರೂ ಮಂಗಳೂರಿಗೆ ಹೋಗಿದ್ದೆವು. ಅದು ನನ್ನ ಪತ್ನಿಯ ತವರೂರು. ಬಾಸೆಲ್ ಮಿಷನ್ನಿನ ಪರಂಪರೆಗೆ ಸೇರಿದ ಒಂದು ದೇವಾಲಯದಲ್ಲಿ ಅಂದು ಸಂಜೆ ಗೀತಗೋಷ್ಠಿಯಿತ್ತು. ಗಾಯಕವೃಂದದಲ್ಲಿದ್ದ ನನ್ನ ಹಳೆಯ ಶಿಷ್ಯನೊಬ್ಬ ಒತ್ತಾಯಪಡಿಸಿ ಕರೆದ. ಹೋದೆವು.

ಈ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರೂ ಅವರ ಹಿಂದೆ ಬಂದವರೂ ಜರ್ಮನ್ ಕೀರ್ತನೆಗಳ ಮಟ್ಟುಗಳನ್ನು ಜೊತೆಯಲ್ಲಿ ತಂದರು. ಆ ಮಟ್ಟುಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಇದು ಸುಲಭದ ಕೆಲಸವಲ್ಲ. ನಮ್ಮಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಆ ಮಟ್ಟುಗಳಲ್ಲಾದರೋ ಹೆಚ್ಚಾಗಿ ಅಕ್ಷರಕ್ಕೊಂದು ಸಮವಾದ ಸ್ವರ. ಲಘುವೂ ಗುರುವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು! ಛಂದಸ್ಸಿಗೆ ಒಗ್ಗಿದ ನನ್ನ ಕಿವಿಗೆ ಮೊದಲು ಅದು ಕಿರಿಕಿರಿಯೆನಿಸಿತು. ಕಿಟ್ಟೆಲರಿಗೂ ಹಾಗೆನ್ನಿಸಿದ್ದಿರಬಹುದು ಎಂಬುದು ನನ್ನ ಊಹೆ. ಇಲ್ಲವಾದರೆ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲೇ ಹಾಡಬೇಕೆಂದು ಅವರು 1862ರಷ್ಟು ಹಿಂದೆಯೇ ಕಥಾಮಾಲೆಯನ್ನು ಏಕೆ ರಚಿಸುತ್ತಿದ್ದರು?

ಮೂರನೆಯ ಗೀತೆಯ ಹೊತ್ತಿಗೆ ಕಿರಿಕಿರಿ ಕರಗಿತು. ಆ ಹಾಡುಗಾರಿಕೆಯಲ್ಲಿ ದನಿಗಳು ನಾಲ್ಕು: ಹೆಂಗಸರದು ಸೊಪ್ರಾನೊ, ಆಲ್ಟೊ; ಗಂಡಸರದು ಟೆನರ್, ಬಾಸ್. ಒಂದೊಂದರ ದಾರಿಯೂ ಬೇರೆ; ಪಾದದ ಕೊನೆಯಲ್ಲಿ ನಾಲ್ಕೂ ಬಂದು ಒಟ್ಟಿಗೆ ನಿಲ್ಲುತ್ತವೆ. ಏಕನಾದದ ಶ್ರುತಿಯಲ್ಲಿ ಬೆಳೆದ ನಮಗೆ ಇದು ಹೊಸತು.

ಕಡೆಯ ಗೀತೆಗೆ ಸಭಿಕರೂ ದನಿಗೂಡಿಸಬೇಕೆಂದರು. ಎಲ್ಲರೂ ಎದ್ದು ನಿಂತರು. ಪಕ್ಕದಲ್ಲಿ ನನ್ನ ಪತ್ನಿ ಹಾಡತೊಡಗಿದಳು. ಕೈಯಲ್ಲಿ ಪುಸ್ತಕವಿರಲಿಲ್ಲ. ನಾನು ಬೆರಗಾದೆ, ಮರುಕ್ಷಣವೇ ಆಕೆ ಮಟ್ಟು ತಪ್ಪುತ್ತಿದ್ದಾಳೆಂದು ತೋರಿ ಮೆಲ್ಲನೆ ಮೊಣಕೈ ತಾಗಿಸಿದೆ. ಆಕೆ ನಿಲ್ಲಿಸಲಿಲ್ಲ. ಮುಂದಿನ ಸಾಲಿನ ವೃದ್ಧೆಯೊಬ್ಬರು ತಿರುಗಿ ನೋಡಿ, "ಆಲ್ಟೊ ಎಷ್ಟು ಚೆನ್ನಾಗಿ ಬರ್ತದೆ ನಿಮಗೆ!" ಎಂದರು. ಆಕೆ ಹಾಡುತ್ತಿದ್ದುದು ಎಲ್ಲರ ಮಟ್ಟನ್ನಲ್ಲ, ಅದರ ಕೆಳಗೆ ಸಾಗುವ ಎರಡನೆಯ ದನಿಯನ್ನು.

ಹಿಂತಿರುಗುವಾಗ ದಾರಿಯಲ್ಲಿ ವಿಚಾರಿಸಿದೆ. ಮಿಷನ್ ಶಾಲೆಯಲ್ಲಿ ಆರು ವರ್ಷ ಗಾಯಕವೃಂದದಲ್ಲಿದ್ದಳಂತೆ.

"ನಮ್ಮ ಮನೆಯಲ್ಲಿ ಒಂದು ದಿನವೂ ಹಾಡಲಿಲ್ಲವಲ್ಲ?" ಎಂದೆ.

"ಒಂದು ದಿನ ಹಾಡಿದ್ದೆ. ಮದುವೆಯಾದ ಹೊಸತು. ಪಾದ್ರಿಗಳ ಹಾಡು ಅಡುಗೆಮನೆಯಲ್ಲಿ ಬೇಡಮ್ಮಾ ಅಂದರು ಅತ್ತೆ. ನೀವು ಹೊರಗಿನ ಕೋಣೆಯಲ್ಲೇ ಇದ್ದಿರಿ."

ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ; ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ನನಗೆ ಆ ಬೆಳಗ್ಗೆ ನೆನಪಾಯಿತು. ತಾಯಿಯ ಮಾತು ಕಿವಿಗೆ ಬಿದ್ದಿತ್ತು. ಹಾಡು ನಿಂತದ್ದೂ ತಿಳಿದಿತ್ತು. ತರಗತಿಗೆ ಹೊತ್ತಾಗುತ್ತಿದೆಯೆಂದು ಪುಟ ತಿರುವಿದ್ದೆ. ಯಾವ ಪುಸ್ತಕದ ಪುಟವೆಂಬುದು ನೆನಪಿಲ್ಲ. ಕಿಟ್ಟೆಲರದಾಗಿರದಿರಲಿ ಎಂದು ಈಗ ಹಾರೈಸುತ್ತೇನೆ.

ಊರಿಗೆ ಮರಳಿದ ಮೇಲೆ, "ಇನ್ನಾದರೂ ಹಾಡು" ಎಂದೆ. ಆಕೆ ನಕ್ಕಳು. ಆಲ್ಟೊ ಒಂದನ್ನೇ ಹಾಡಿದರೆ ಹಾಡೆನಿಸುವುದಿಲ್ಲವಂತೆ. ಮೇಲಿನ ಮಟ್ಟನ್ನು ಹಿಡಿಯುವವರು ಬೇರೆಯೊಬ್ಬರು ಬೇಕಂತೆ. ಮನೆಯಲ್ಲಿರುವವರು ನಾವಿಬ್ಬರೇ. ಹೀಗಾಗಿ ಅರವತ್ತು ದಾಟಿದ ಈ ಕಂಠ ಈಗ ಜರ್ಮನ್ ಮಟ್ಟೊಂದನ್ನು ಅಭ್ಯಾಸಮಾಡುತ್ತಿದೆ. ಗುರು ಬಂದಲ್ಲೆಲ್ಲ ನಾನು ಎಳೆಯುತ್ತೇನೆ, ಲಘುವನ್ನು ಮೊಟಕುಗೊಳಿಸುತ್ತೇನೆ. ಆಕೆ ಮೇಜು ತಟ್ಟಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಎನ್ನುತ್ತಾಳೆ. ಎರಡನೆಯ ಪಾದವನ್ನು ಇನ್ನೂ ದಾಟಿಲ್ಲ.