ನೆಲ ಮುಟ್ಟದ ಚಂಡಮಾರುತ

ಕನ್ನಡದಲ್ಲಿ ಗಾಳಿಯ ಹೆಸರುಗಳಿಗೆ ಬಡತನವಿಲ್ಲ. ತಂಗಾಳಿ, ಸುಳಿಗಾಳಿ, ಬಿರುಗಾಳಿ, ಸುಂಟರಗಾಳಿ ಇವೆಲ್ಲ ಒಳನಾಡಿನ ರೈತನೂ ಬಲ್ಲ ಮಾತುಗಳು. ಆದರೆ ನಡುಗಡಲಿನಲ್ಲಿ ಹುಟ್ಟಿ, ನೂರಾರು ಕಿಲೋಮೀಟರ್ ಅಗಲಕ್ಕೆ ಮೈಚಾಚಿ, ದಿನಗಟ್ಟಲೆ ಸುತ್ತುತ್ತ ಸಾಗುವ ಗಾಳಿಗೆ ನಮ್ಮ ಗ್ರಂಥಭಾಷೆ ‘ಚಂಡಮಾರುತ’ವೆಂಬ ಸಂಸ್ಕೃತ ಪದವನ್ನು ಕರೆತಂದಿತು. ಕರಾವಳಿಯ ಮೀನುಗಾರರು ಅದನ್ನೇ ‘ತೂಫಾನು’ ಎನ್ನುತ್ತಾರೆ. ಒಂದು ಮಾತನ್ನು ನಾವು ಓದಿ ತಿಳಿದವರು. ಇನ್ನೊಂದನ್ನು ಅವರು ಬಾಳಿ ತಿಳಿದವರು. ಈ ಎರಡು ಮಾತುಗಳ ನಡುವಣ ಅಂತರವನ್ನು ಕುರಿತು ಇಂದು ನಾಲ್ಕು ವಿಚಾರಗಳನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

2021ರ ಮೇ ತಿಂಗಳ ನಡುವಿನಲ್ಲಿ ಲಕ್ಷದ್ವೀಪದ ಬಳಿ ಒಂದು ವಾಯುಭಾರ ಕುಸಿತ ಕಾಣಿಸಿಕೊಂಡಿತು. 14ನೆಯ ತಾರೀಖಿನ ರಾತ್ರಿಯ ವೇಳೆಗೆ ಅದು ಚಂಡಮಾರುತವಾಗಿ ಬಲಿತಿತು. ಅದಕ್ಕೆ ಮ್ಯಾನ್ಮಾರ್ ದೇಶ ಸೂಚಿಸಿದ್ದ ಹೆಸರು ‘ತೌಕ್ತೆ’. ಬರ್ಮೀ ಭಾಷೆಯಲ್ಲಿ ಇದು ಗಟ್ಟಿಯಾಗಿ ಕೂಗುವ ಒಂದು ಜಾತಿಯ ಹಲ್ಲಿಯ ಹೆಸರು. ಹಲ್ಲಿ ನುಡಿದರೆ ಶಕುನ ನೋಡುವವರು ನಾವು. ಈ ಹಲ್ಲಿಯ ನುಡಿ ಶುಭಶಕುನವಾಗಲಿಲ್ಲ. ನಮ್ಮ ತೀರಕ್ಕೆ ಸಮಾನಾಂತರವಾಗಿ ಬಡಗಣ ದಿಕ್ಕಿಗೆ ಸಾಗಿದ ಅದು, 17ರ ರಾತ್ರಿ ಗುಜರಾತಿನ ಸೌರಾಷ್ಟ್ರದಲ್ಲಿ, ದೀವ್ ಸಮೀಪ ನೆಲವನ್ನು ಮುಟ್ಟಿತು. ಆಗ ಗಾಳಿಯ ವೇಗ ಗಂಟೆಗೆ 160ರಿಂದ 170 ಕಿಲೋಮೀಟರ್. ಮುಂಬಯಿಯ ಆಚೆ, ಕಡಲಿನಲ್ಲಿ ತೈಲಬಾವಿಗಳ ಕೆಲಸಗಾರರಿದ್ದ ಒಂದು ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಹಾಗಾದರೆ ಕರ್ನಾಟಕಕ್ಕೆ ಏನಾಯಿತು? ಚಂಡಮಾರುತದ ಕೇಂದ್ರ ನಮ್ಮ ನೆಲವನ್ನು ಮುಟ್ಟಲೇ ಇಲ್ಲ. ಸ್ವಲ್ಪ ದೂರದಲ್ಲಿಯೇ ಹಾದುಹೋಯಿತು. ‘ಗಂಡಾಂತರ ತಪ್ಪಿತು’ ಎಂದು ಒಳನಾಡಿನವರಾದ ನಾವು ನಿಟ್ಟುಸಿರು ಬಿಟ್ಟೆವು. ಆದರೆ ಈ ಸುತ್ತುಗಾಳಿಯ ಸ್ವಭಾವವನ್ನು ಸ್ವಲ್ಪ ಗಮನಿಸಿ. ಭೂಮಿಯ ಉತ್ತರಾರ್ಧದಲ್ಲಿ ಅದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಕೇಂದ್ರವು ತೀರದ ಪಡುವಣಕ್ಕೆ ಇದ್ದಾಗ, ಅದರ ಮೂಡಣ ಮಗ್ಗುಲಿನ ಗಾಳಿ ತೆಂಕಣದಿಂದ ಬೀಸಿ ಅಲೆಗಳನ್ನು ಎಬ್ಬಿಸುತ್ತದೆ. ದೂರದಲ್ಲಿ ಎದ್ದ ಅಲೆ ದಡವನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಗಾಳಿ ಮುಟ್ಟದ ನೆಲವನ್ನು ನೀರು ಮುಟ್ಟುವುದೆಂದರೆ ಇದೇ.

ಮುಟ್ಟಿತು ಕೂಡ. ಉಳ್ಳಾಲ, ಸೋಮೇಶ್ವರ, ಉಚ್ಚಿಲದಿಂದ ಮರವಂತೆಯ ಆಚೆಯವರೆಗೆ ಅಲೆಗಳು ದಡವನ್ನು ಕಡಿದುವು. ತೀರದ ಮನೆಗಳು ಕುಸಿದುವು, ರಸ್ತೆಗಳು ಒಡೆದುವು, ತೆಂಗಿನ ಮರಗಳು ಬುಡಸಹಿತ ಉರುಳಿದುವು. ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡ ಟಗ್ ದೋಣಿಯೊಂದರ 9 ಮಂದಿಯನ್ನು ಕರಾವಳಿ ಕಾವಲುಪಡೆಯವರೂ ನೌಕಾದಳದ ಹೆಲಿಕಾಪ್ಟರೂ ಸೇರಿ ಉಳಿಸಬೇಕಾಯಿತು. ಇನ್ನೊಂದು ಟಗ್ ದೋಣಿ ಮಗುಚಿತು. ಅದರಲ್ಲಿದ್ದವರೆಲ್ಲ ಬದುಕಿ ಬರಲಿಲ್ಲ. ಇದೆಲ್ಲ ನಡೆದುದು ಕೋವಿಡ್ ಎರಡನೆಯ ಅಲೆಯ ದಿನಗಳಲ್ಲಿ. ಮನೆಯೊಳಗೇ ಇರಿ ಎಂದು ಸರ್ಕಾರ ಹೇಳುತ್ತಿದ್ದಾಗ, ಇರಲು ಮನೆಯೇ ಇಲ್ಲದವರ ಪಾಡನ್ನು ಊಹಿಸಿಕೊಳ್ಳಿ. ಮೀನುಗಾರರ ಲೆಕ್ಕವೂ ಬೇರೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯುವ ಅವಕಾಶವಿಲ್ಲ. ಮಳೆಗಾಲದ ಖರ್ಚಿಗೆ ನಾಲ್ಕು ಕಾಸು ಕೂಡಿಸುವ ಕೊನೆಯ ವಾರಗಳನ್ನೇ ಈ ತೂಫಾನು ಕಿತ್ತುಕೊಂಡಿತು.

ನಾನಿರುವುದು ಬೆಂಗಳೂರಿನ ಮಹದೇವಪುರದಲ್ಲಿ. ಕಡಲಿನಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಚಂಡಮಾರುತವೆಂದರೆ ಇಲ್ಲಿಯ ನಮಗೆ ಎರಡು ದಿನದ ಮೋಡ, ಜಿಟಿಜಿಟಿ ಮಳೆ, ಒಂದು ಲೋಟ ಹೆಚ್ಚಿನ ಕಾಫಿ. ಆದರೆ ಇಲ್ಲಿಯ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವವರಲ್ಲಿ ಕರಾವಳಿಯ ಮಕ್ಕಳು ಎಷ್ಟೋ ಮಂದಿ. ಅದೇ ಮೋಡವನ್ನು ನೋಡಿ ಅವರು ಮೊದಲು ಮಾಡುವ ಕೆಲಸ, ಊರಿಗೆ ಫೋನು. ‘ನೀರು ಎಲ್ಲಿಯವರೆಗೆ ಬಂತು?’ ಎಂಬುದೇ ಅವರ ಮೊದಲ ಪ್ರಶ್ನೆ. ಕಿಟಕಿಯ ಹೊರಗಿನ ಮೋಡ ಒಂದೇ. ನೋಡುವ ಕಣ್ಣು ಬೇರೆ.

ವಿಪತ್ತನ್ನು ನಾವು ಸತ್ತವರ ಸಂಖ್ಯೆಯಿಂದ ಅಳೆಯುತ್ತೇವೆ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯನ್ನು ನುಂಗಿದ ಉಬ್ಬರದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 1999ರ ಒಡಿಶಾದ ಮಹಾಚಂಡಮಾರುತವೂ ಅಷ್ಟೇ ಕ್ರೂರ. 2013ರಲ್ಲಿ ‘ಫೈಲಿನ್’ ಅದೇ ಒಡಿಶಾಕ್ಕೆ ಬಂದಾಗ ಲಕ್ಷಾಂತರ ಜನರನ್ನು ಮುಂಚಿತವಾಗಿಯೇ ತೆರವು ಮಾಡಿಸಿದ್ದರಿಂದ ಸಾವು ಕೆಲವೇ ಹತ್ತುಗಳಿಗೆ ಇಳಿಯಿತು. ಇದು ವಿಜ್ಞಾನದ ಗೆಲುವು, ಆಡಳಿತದ ಗೆಲುವು, ನಾವು ಹೆಮ್ಮೆಪಡಬೇಕಾದುದು. ಆದರೆ ಸಾವಿನ ಸಂಖ್ಯೆ ಇಳಿದ ಕೂಡಲೇ ಸುದ್ದಿಯೂ ಮುಗಿಯುತ್ತದೆ. ಉಳಿದವನ ಮನೆ, ಉಪ್ಪಾದ ಬಾವಿ, ಹರಿದ ಬಲೆ, ಇವು ಯಾವ ಸಂಖ್ಯೆಯಲ್ಲಿ ಬರುತ್ತವೆ?

ಇನ್ನು ಹೆಸರಿನ ಮಾತು. 1923ರಲ್ಲಿ ನೇತ್ರಾವತಿ ಉಕ್ಕಿ ಹರಿದ ಮಹಾಪೂರವನ್ನು ತುಳುವರು ‘ಮಾರಿಬೊಳ್ಳ’ವೆಂದು ಕರೆದರು. ಬೊಳ್ಳವೆಂದರೆ ನೆರೆ; ಮಾರಿಯಂತೆ ಬಂದ ನೆರೆ. ಅನುಭವಿಸಿದವರು ಇಟ್ಟ ಹೆಸರಾದುದರಿಂದಲೇ ಅದು ಅಜ್ಜಿಯಿಂದ ಮೊಮ್ಮಗಳಿಗೆ ಬಂತು. ಈಗ ಹಿಂದೂ ಮಹಾಸಾಗರದ ಉತ್ತರಭಾಗದ ಚಂಡಮಾರುತಗಳಿಗೆ 13 ದೇಶಗಳು ಮೊದಲೇ ಸಿದ್ಧಮಾಡಿದ ಪಟ್ಟಿಯಿಂದ ಹೆಸರು ಬರುತ್ತದೆ. ಮುನ್ಸೂಚನೆಗೆ ಅದು ಅತ್ಯಗತ್ಯ, ಅದರಲ್ಲಿ ತಪ್ಪಿಲ್ಲ. ಆದರೆ ಪಟ್ಟಿಯ ಹೆಸರು ಗಾಳಿಯದು, ನೊಂದ ಊರಿನದಲ್ಲ. ನೆನಪಿಡುವ ಕೆಲಸವನ್ನು ಪಟ್ಟಿ ಮಾಡಲಾರದು. ಅದನ್ನು ನಾವೇ ಮಾಡಬೇಕು.

ಅದು ಇಂದು ಏಕೆ ಮುಖ್ಯವೆಂದರೆ, ಹಿಂದೆ ಚಂಡಮಾರುತಗಳ ತವರು ಬಂಗಾಳಕೊಲ್ಲಿಯೇ ಆಗಿತ್ತು. ಅರಬ್ಬೀ ಸಮುದ್ರದಲ್ಲಿ ಹುಟ್ಟುತ್ತಿದ್ದುವು ವಿರಳ. ಈಗ ಈ ಕಡಲಿನ ನೀರೂ ಕಾದಿದೆ. 2009ರಲ್ಲಿ ಫ್ಯಾನ್, 2017ರಲ್ಲಿ ಒಖಿ, 2019ರಲ್ಲಿ ಕ್ಯಾರ್, ಬಳಿಕ ತೌಕ್ತೆ ಇವೆಲ್ಲ ಪಡುವಣ ಕಡಲಿನ ಅತಿಥಿಗಳು. ದಡಕ್ಕೆ ಕಲ್ಲು ಸುರಿಯುವುದೊಂದೇ ಇದಕ್ಕೆ ಮದ್ದಲ್ಲ. ಮರಳು ತೀರದುದ್ದಕ್ಕೂ ನಡೆದಾಡುವ ವಸ್ತು. ಒಂದು ಕಡೆ ಅದನ್ನು ತಡೆದರೆ ಪಕ್ಕದ ಊರಿನ ದಡ ಬರಿದಾಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ಸುರಿದ ಮಳೆಗೆ ಮಹದೇವಪುರದ ಕೆರೆಗಳು ಕೋಡಿ ಹರಿದು, ಇಲ್ಲಿಯ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಬೇಕಾಯಿತು. ಅದು ಚಂಡಮಾರುತವಲ್ಲ, ರಾಜಕಾಲುವೆಯ ದಾರಿ ಮರೆತ ನಗರಕ್ಕೆ ನೀರು ಕಲಿಸಿದ ಪಾಠ. ಆದರೂ ಹೊಸ್ತಿಲು ದಾಟಿ ಒಳಬಂದ ನೀರು ಎಂಥದೆಂದು ಅಂದು ನಮಗೂ ತಿಳಿಯಿತು. ನಮಗೆ ಅದು ಕೆಲವು ದಿನದ ಸಂಕಟ. ಸೋಮೇಶ್ವರದ ತೀರದವನಿಗೆ ಪ್ರತಿ ಮಳೆಗಾಲದ ನಿರೀಕ್ಷೆ. ಮುಂದಿನ ಸಲ ಹವಾಮಾನ ವಾರ್ತೆಯಲ್ಲಿ ‘ಚಂಡಮಾರುತ ರಾಜ್ಯಕ್ಕೆ ಅಪ್ಪಳಿಸುವುದಿಲ್ಲ’ ಎಂದು ಕೇಳಿದಾಗ, ಅಲ್ಲಿಗೆ ರೇಡಿಯೋ ಆರಿಸದೆ, ಅಲೆಗಳ ಎತ್ತರವೆಷ್ಟೆಂಬ ಮುಂದಿನ ಮಾತನ್ನೂ ನಾವು ಕೇಳಿಸಿಕೊಳ್ಳೋಣ.