ಪರ ಊರಿನಲ್ಲಿ ಎ.ಎ. ಸಭೆ ಹುಡುಕುವುದು



ವರ್ಗಾವಣೆಯ ಮೇಲೆ ಕೋಲ್ಕತ್ತಕ್ಕೆ ಹೋದ ಕನ್ನಡಿಗರೊಬ್ಬರು ಸದರ್ನ್ ಅವೆನ್ಯೂದಲ್ಲಿ, ರವೀಂದ್ರ ಸರೋವರದ ಹತ್ತಿರ, ಬಾಡಿಗೆ ಮನೆ ಹಿಡಿದಿದ್ದಾರೆ ಎಂದಿಟ್ಟುಕೊಳ್ಳಿ. ಹೆಂಡತಿ ಮಕ್ಕಳು ಊರಿನಲ್ಲಿದ್ದಾರೆ. ಆಫೀಸು ಬಿಟ್ಟ ಮೇಲೆ ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲ. ಬಿಟ್ಟಿದ್ದ ಕುಡಿತ ಮತ್ತೆ ಅಂಟಿಕೊಂಡಿದೆ. ನಾಳೆಯಿಂದ ಮುಟ್ಟುವುದಿಲ್ಲ ಎಂದು ಪ್ರತಿ ರಾತ್ರಿ ಆಣೆ ಇಟ್ಟರೂ ಸಂಜೆಯ ಹೊತ್ತಿಗೆ ಅದು ಮುರಿಯುತ್ತದೆ. ಇಂಥವರು ಎಲ್ಲಿಗೆ ಹೋಗಬೇಕು? ಅಲ್ಲಿ ಏನು ನಡೆಯುತ್ತದೆ? ಇವತ್ತು ಅದನ್ನೇ ಹೇಳಬೇಕೆಂದಿದ್ದೇನೆ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದೇ ಇಂಥ ಇಕ್ಕಟ್ಟಿನಲ್ಲಿ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯವಹಾರಕ್ಕೆಂದು ಆಕ್ರನ್ ಎಂಬ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಬಾರ್ ಹತ್ತಿರದಲ್ಲೇ ಇತ್ತು. ಅವರು ಅತ್ತ ಹೋಗದೆ ಫೋನು ಎತ್ತಿಕೊಂಡರು. ಆ ಊರಿನ ಪಾದ್ರಿಗಳಿಗೆ ಕರೆ ಮಾಡಿ, ತಮ್ಮಂತೆಯೇ ಕುಡಿತದಿಂದ ಒದ್ದಾಡುತ್ತಿರುವ ಯಾರದ್ದಾದರೂ ಪರಿಚಯ ಮಾಡಿಸಿ ಎಂದು ಕೇಳಿಕೊಂಡರು. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಹದಿನೈದು ನಿಮಿಷ ಸಾಕು ಎಂದುಕೊಂಡು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರು ಕುಡಿತಕ್ಕೆ ಕೊನೆ ಹಾಡಿದ ಜೂನ್ 10ನೇ ತಾರೀಖನ್ನೇ ಎ.ಎ. ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಒಬ್ಬ ವ್ಯಸನಿಯ ಸಂಕಟ ಇನ್ನೊಬ್ಬ ವ್ಯಸನಿಗೆ ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ. ಎ.ಎ.ಯ ಬಲವೆಲ್ಲ ಇದರಲ್ಲೇ ಇದೆ.

ಭಾರತದಲ್ಲಿ ಎ.ಎ. ಶುರುವಾದದ್ದು 1957ರಲ್ಲಿ. ಇಂದು ಬೆಂಗಳೂರು, ಮಂಗಳೂರುಗಳಲ್ಲಿ ಇರುವಂತೆ ಕೋಲ್ಕತ್ತದಲ್ಲೂ ಸಭೆಗಳು ನಡೆಯುತ್ತವೆ. ಹೆಚ್ಚಾಗಿ ಚರ್ಚಿನ ಹಾಲು, ಶಾಲೆಯ ಕೊಠಡಿ, ಆಸ್ಪತ್ರೆಯ ಒಂದು ಕೋಣೆಯಲ್ಲಿ ಸೇರುತ್ತಾರೆ. ಚರ್ಚಿನಲ್ಲಿ ನಡೆದ ಮಾತ್ರಕ್ಕೆ ಅದು ಒಂದು ಧರ್ಮದವರ ಸಭೆಯಲ್ಲ. ಜಾತಿ, ಮತ, ಸಂಬಳ ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು.

ಸಭೆ ಹುಡುಕಲು ಆಯಾ ಊರಿನ ಎ.ಎ. ಸಹಾಯವಾಣಿಗೆ ಕರೆ ಮಾಡಬಹುದು. ಅದು ಸಿಗದಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ನಾಲ್ಕು ವಿಷಯ ಕೇಳಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ, ಮುಕ್ತ ಸಭೆಯೋ ಅಲ್ಲವೋ. ಮುಕ್ತ ಸಭೆಯಲ್ಲಿ ಮನೆಯವರೂ ಕೂರಬಹುದು. ಉಳಿದವು ವ್ಯಸನಿಗಳಿಗಷ್ಟೇ ಮೀಸಲು. ಬಂಗಾಳಿ ಬಾರದವರು ಹಿಂದಿ ಅಥವಾ ಇಂಗ್ಲಿಷ್ ನಡೆಯುವ ಸಭೆ ಯಾವುದೆಂದು ವಿಚಾರಿಸಿಕೊಳ್ಳಲಿ. ಫೋನಿನಲ್ಲೇ ಸೇರುವ ಆನ್‌ಲೈನ್ ಸಭೆಗಳೂ ಈಗ ಇವೆ.

ಒಳಗೆ ಏನಾಗುತ್ತದೆ? ಕೆಲವು ಕುರ್ಚಿ, ಸಾಮಾನ್ಯವಾಗಿ ಒಂದು ಲೋಟ ಚಹಾ. ಒಂದು ಪುಟ್ಟ ಓದಿನ ನಂತರ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಎಂದು ಮಾತು ಶುರು ಮಾಡುತ್ತಾರೆ. ಅಡವಿಟ್ಟ ತಾಳಿ, ಮಗಳ ಶಾಲೆಗೆ ಕುಡಿದು ಹೋದ ದಿನ, ಕೈ ನಡುಗಿ ಸಹಿ ಹಾಕಲಾಗದ ಬೆಳಿಗ್ಗೆ, ಇಂಥವೆಲ್ಲ ಅಲ್ಲಿ ಬಾಯಿಗೆ ಬರುತ್ತವೆ. ನಡುವೆ ಬಾಯಿ ಹಾಕುವವರಿಲ್ಲ, ಉಪದೇಶ ಮಾಡುವವರಿಲ್ಲ. ಮೊದಲ ದಿನ ನೀವು ಮಾತಾಡಲೇಬೇಕೆಂದಿಲ್ಲ, ಕೇಳಿಸಿಕೊಂಡರೆ ಸಾಕು. ಪೂರ್ತಿ ಹೆಸರು ಹೇಳಬೇಕಿಲ್ಲ, ಶುಲ್ಕವೂ ಇಲ್ಲ. ಕಾಣಿಕೆ ತಟ್ಟೆ ಬಂದಾಗ ಸದಸ್ಯರು ಕೈಲಾದಷ್ಟು ಹಾಕುತ್ತಾರೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. ಬಹಳ ದಿನ ಕುಡಿಯದೇ ಉಳಿದ ಹಿರಿಯ ಸದಸ್ಯರೊಬ್ಬರು ಹೊಸಬರಿಗೆ ಜೊತೆಯಾಗುತ್ತಾರೆ. ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ಕುಡಿಯಬೇಕೆನಿಸಿದ ಗಳಿಗೆಯಲ್ಲಿ ಅವರಿಗೆ ಫೋನು ಮಾಡಬಹುದು.

ನಮ್ಮ ಹಳ್ಳಿಗಳಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ತಮ್ಮ ಊರಿನ ನವಜೀವನ ಸಮಿತಿಯಲ್ಲಿ ಆಗಾಗ ಸೇರುತ್ತಾರೆ. ಶಿಬಿರದಲ್ಲಿ ಬಿಟ್ಟದ್ದನ್ನು ಹಬ್ಬ, ಜಾತ್ರೆ, ಮದುವೆಗಳ ನಡುವೆಯೂ ಉಳಿಸಿಕೊಳ್ಳಲು ಈ ಸೇರುವಿಕೆ ಬೇಕೇ ಬೇಕು.

ಒಂದು ಎಚ್ಚರಿಕೆ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಲಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನದ ಚಿಕಿತ್ಸೆಗೆಂದೇ ವಿಭಾಗವಿದೆ. ಸಭೆ ಮತ್ತು ಔಷಧಿ ಒಂದಕ್ಕೊಂದು ವೈರಿಗಳಲ್ಲ. 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ ತಜ್ಞರು 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ರೋಗಿಗಳನ್ನು ಕ್ರಮವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆ, ಕುಡಿಯದೇ ಉಳಿಯುವ ವಿಷಯದಲ್ಲಿ ಬೇರೆ ಮನೋಚಿಕಿತ್ಸೆಗಳಿಗಿಂತ ಮುಂದಿರುವುದು ಅವರಿಗೆ ಕಂಡಿತು.

ಮನೆಯವರಿಗೂ ಬೆಂಬಲ ಬೇಕು. ಅವರಿಗೆಂದೇ 1951ರಲ್ಲಿ ಆಲ್-ಅನಾನ್ ಹುಟ್ಟಿತು. ಬಿಲ್ ಅವರ ಹೆಂಡತಿ ಲೋಯಿಸ್ ಅದರ ಸ್ಥಾಪಕರಲ್ಲಿ ಒಬ್ಬರು. ಗಂಡ ಸಭೆಗೆ ಬರಲು ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಒಂದು ಸಭೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನಡುವೆ ಜಾರಿ ಕುಡಿದರೂ ನಾಚಿಕೊಂಡು ದೂರ ಉಳಿಯಬೇಡಿ, ಮಾರನೆಯ ದಿನವೇ ವಾಪಸು ಹೋಗಿ. ಅಲ್ಲಿ ಕೂತವರಲ್ಲಿ ಹಲವರು ಹಾಗೆ ಜಾರಿ ಮತ್ತೆ ಬಂದವರೇ. ಸಂಖ್ಯೆ ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ವ್ಯಸನಮುಕ್ತಿಗೆ 14446. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ ಎಂಬ ಇನ್ನೊಂದು ಸಹಾಯವಾಣಿ ಇದೆ, ಅದರ ಸಂಖ್ಯೆ 14416. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಗಳು ನಿಮಗೆ ಬೇಡವಾದರೂ, ಬೇಕಾದವರೊಬ್ಬರು ನಿಮ್ಮ ಪರಿಚಯದಲ್ಲಿ ಇದ್ದೇ ಇರುತ್ತಾರೆ. ದಯವಿಟ್ಟು ಅವರಿಗೆ ತಲುಪಿಸಿ.